ಹಾರವಾಡದಲ್ಲಿ ಬರ್ಫ ಅಗ್ಗವಾದ ವರ್ಷ

ಹೋದ ಆಷಾಢದಲ್ಲಿ ಅಂಕೋಲೆಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಹಾರವಾಡದ ತಿರುವಿನ ಹತ್ತಿರ ಲಾರಿಯೊಂದು ಅಡ್ಡ ನಿಂತು ದಾರಿ ಕಟ್ಟಿತ್ತು. ಹೊರಗೆ ಮಳೆ, ಒಳಗೆ ಒದ್ದೆ ಕೊಡೆಗಳ ಕಮಟು. ಉಸಿರು ಕಟ್ಟಿದವರು ಯಾರೋ ಕಿಟಕಿ ಸರಿಸಿದರು. ಸರಿಸಿದ್ದೇ ತಡ, ಅಮೋನಿಯಾದ ಘಾಟು ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದವರು ಸೆರಗನ್ನು ಮೂಗಿಗೆ ಒತ್ತಿಕೊಂಡು, ಇದೆಂಥ ಹಾಳು ವಾಸನೆಯಪ್ಪಾ ಎಂದರು. ಬರ್ಫದ ಕಾರ್ಖಾನೆಯದು ಎಂದು ಹೇಳಿ ನಾನು ಮೂಗು ಮುಚ್ಚದೆ ಎದೆ ತುಂಬ ಉಸಿರೆಳೆದುಕೊಂಡೆ. ಕಣ್ಣಲ್ಲಿ ನೀರು ಬಂತು. ಅವರು ನನ್ನ ಮುಖವನ್ನೇ ನೋಡಿದರು. ನಾನು ನಗುತ್ತಿದ್ದೆ ಅಂತ ಕಾಣುತ್ತದೆ.

ನಮ್ಮ ಕಡೆ ಮಂಜುಗಡ್ಡೆಗೆ ಬರ್ಫ ಅನ್ನುತ್ತಾರೆ. ಮೀನು ಹಿಡಿಯುವವರಿಗೆ ಬಲೆ ಎಷ್ಟು ಮುಖ್ಯವೋ ಬರ್ಫವೂ ಅಷ್ಟೇ. ಬಲೆ ಮೀನನ್ನು ದಡಕ್ಕೆ ತರುತ್ತದೆ, ಪೇಟೆ ಮುಟ್ಟಿಸುವುದು ಬರ್ಫ. ನನಗೆ ನೆನಪಾದದ್ದು ಒಂದು ಬಂಗಡೆ ಮೀನಿನ ಕಾಲದಿಂದ ಮುಂದಿನ ಬಂಗಡೆ ಕಾಲದವರೆಗಿನ ಒಂದೇ ಒಂದು ವರ್ಷ. ಬೇರೆಯವರು ಮದುವೆಯಾದ ವರ್ಷವನ್ನೋ ಮಗು ಹುಟ್ಟಿದ ವರ್ಷವನ್ನೋ ನೆನೆದು ಹಿಗ್ಗುತ್ತಾರೆ. ನಾನು ಸೇಡು ತೀರಿಸಿಕೊಂಡ ವರ್ಷವನ್ನು ನೆನೆದು ಹಿಗ್ಗುವವಳು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆಗ ನಾನು ಅಂಕೋಲೆಯ ಹೈಸ್ಕೂಲೊಂದರಲ್ಲಿ ಅತಿಥಿ ಶಿಕ್ಷಕಿ. ಜೊತೆಗೆ ಮನೆಯಲ್ಲಿ ಕೂತು ಓದಿ ಇತಿಹಾಸದಲ್ಲಿ ಎಂ.ಎ. ಕಟ್ಟಿದ್ದೆ. ಅಪ್ಪ ಗೋಪಾಲನಿಗೆ ಮೋಟರು ಕೂಡಿಸಿದ ಒಂದು ನಾಡದೋಣಿ ಇತ್ತು. ಅದರ ಮೂತಿಯ ಮೇಲೆ ‘ಜಲದೇವಿ’ ಎಂದು ಅವನೇ ಬಣ್ಣದಲ್ಲಿ ಬರೆದಿದ್ದ. ‘ದೇ’ಯ ದೀರ್ಘ ತುಸು ಉದ್ದವಾಗಿ ಬಾಲದ ಹಾಗೆ ಕಾಣುತ್ತಿತ್ತು. ನನ್ನ ತಾಯಿ ತುಳಸಿ, ನಮ್ಮ ಮಾತಿನಲ್ಲಿ ಆಯಿ, ಅಪ್ಪ ತಂದ ಮೀನನ್ನು ಬುಟ್ಟಿಯಲ್ಲಿಟ್ಟು ಅಂಕೋಲೆ ಪೇಟೆಯಲ್ಲಿ ಮಾರುತ್ತಿದ್ದಳು. ಹೆಚ್ಚಿನದನ್ನು ದಡದಲ್ಲೇ ದಲ್ಲಾಳಿಗಳು ಕೊಳ್ಳುತ್ತಿದ್ದರು.

ದಲ್ಲಾಳಿಗಳು ಅಂದರೆ ಆ ಹೊತ್ತಿಗೆ ಒಬ್ಬರೇ. ಮಧುಕರ ಸಾಹುಕಾರರು. ಮೊದಲು ಅವರದ್ದು ಕಾರವಾರದ ಬೈತಖೋಲದ ಹತ್ತಿರ ಕೆಲವು ದೊಡ್ಡ ಬೋಟುಗಳು, ಒಂದು ಬರ್ಫದ ಕಾರ್ಖಾನೆ, ಅಷ್ಟೇ ಇದ್ದವು. ಆಮೇಲೆ ಮಾಜಾಳಿಯದ್ದು, ಬೇಲೆಕೇರಿಯದ್ದು, ಕೊನೆಗೆ ನಮ್ಮ ಹಾರವಾಡದ್ದು, ಒಂದೊಂದಾಗಿ ಅವರ ಕೈಸೇರಿದವು. ಜಗಳವಿಲ್ಲ, ಬೆದರಿಕೆಯಿಲ್ಲ. ಆಯಾ ಊರಿನ ಹಳೆಯ ಕಾರ್ಖಾನೆಯ ಎದುರಿಗೆ ತಮ್ಮ ಲಾರಿ ನಿಲ್ಲಿಸಿ ಅರ್ಧಕ್ಕರ್ಧ ದರಕ್ಕೆ ಬರ್ಫ ಕೊಡುತ್ತಿದ್ದರು. ಒಂದು ಸೀಸನ್ ಕಳೆಯುವುದರೊಳಗೆ ಹಳೆಯವನು ಬಾಗಿಲು ಮುಚ್ಚಿ, ಅವರ ಮನೆಯ ಜಗಲಿಯಲ್ಲೇ ಕೂತು ಕಾರ್ಖಾನೆ ತೆಗೆದುಕೊಳ್ಳಿ ಎಂದು ಬೇಡಿಕೊಳ್ಳುತ್ತಿದ್ದ. ನಾಲ್ಕೂ ಕೈಗೆ ಬಂದ ಮೇಲೆ ಅವರೊಂದು ಪದ್ಧತಿ ಹಾಕಿದರು. ಅವರ ಬರ್ಫ ಬೇಕಾದವನು ಮೀನನ್ನು ಅವರಿಗೇ ಕೊಡಬೇಕು, ಅವರು ಹೇಳಿದ ದರಕ್ಕೆ. ಸಾಹುಕಾರರು ಯಾವತ್ತೂ ದನಿ ಎತ್ತಿದವರಲ್ಲ. ಬಿಳಿ ಅಂಗಿ ಹಾಕಿಕೊಂಡು, ಎಲ್ಲರನ್ನೂ ತಮ್ಮಾ, ತಂಗೀ ಎಂದು ಕರೆಯುತ್ತ, ದೇವಸ್ಥಾನದ ಅರ್ಚಕರ ಹಾಗೆ ಮೆತ್ತಗೆ ಮಾತಾಡುತ್ತಿದ್ದರು.

ಆ ವರ್ಷ ಅಪ್ಪ ಒಮ್ಮೆ, ಒಮ್ಮೆ ಮಾತ್ರ, ಮೀನನ್ನು ಹೊರಗೆ ಕೊಟ್ಟ. ಆಯಿಯ ತಂಗಿ ಶೇವಂತಿ ಮಾವಶಿಯನ್ನು ಮಾಜಾಳಿಗೆ ಕೊಟ್ಟಿತ್ತು. ಅವಳ ಗಂಡ ಗೋವೆಯ ಮೀನಿನ ಕಂಪನಿಯೊಂದರ ವ್ಯಾನು ಓಡಿಸುತ್ತಿದ್ದ. ಗೋವೆಯವರು ಒಳ್ಳೆಯ ದರ ಕೊಟ್ಟರು. ಅಪ್ಪ ಆ ದಿನ ಆಯಿಗೊಂದು ಸೀರೆ ತಂದ, ನನಗೆ ಪರೀಕ್ಷೆಯ ಪುಸ್ತಕಗಳನ್ನು ಕೊಡಿಸಿದ.

ಮುಂದಿನ ವಾರ ಭಾನುವಾರ ಬೆಳಿಗ್ಗೆ ಅಪ್ಪನ ಬಲೆಗೆ ಬಂಗಡೆ ಬಿತ್ತು. ಅಷ್ಟು ಬಂಗಡೆಯನ್ನು ನಮ್ಮ ದೋಣಿಯಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ. ಬಾಯಿಯವರೆಗೂ ತುಂಬಿ, ದೋಣಿ ಅಂಚನ್ನು ನೀರಿಗೆ ತಾಗಿಸಿಕೊಂಡೇ ದಡಕ್ಕೆ ಬಂತು. ಆಯಿ ಕಡಲಿಗೆ ಕೈಮುಗಿದಳು. ನಾನೂ ಅಪ್ಪನೂ ಕೈಗಾಡಿ ತಳ್ಳಿಕೊಂಡು ಬರ್ಫ ತರಲು ಹೋದೆವು. ಕಾರ್ಖಾನೆಯ ಗೇಟಿನಲ್ಲಿದ್ದವನು ಸ್ವಲ್ಪ ನಿಲ್ಲಿ ಎಂದ. ನಿಂತೆವು. ನಮ್ಮ ಹಿಂದೆ ಬಂದವರು ಒಳಗೆ ಹೋಗಿ ಗಾಡಿ ತುಂಬಿಸಿಕೊಂಡು ಹೋದರು. ಬಿಸಿಲು ಏರಿತು. ಅಪ್ಪ ಮತ್ತೆ ಕೇಳಿದ. ಮತ್ತೆ ನಿಲ್ಲಿ ಎಂದರು. ಸಾಹುಕಾರರ ಕಾರು ಬಂದಾಗ ಮಧ್ಯಾಹ್ನವಾಗಿತ್ತು. ಅಪ್ಪ ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಕಂಕುಳಲ್ಲಿ ಹಿಡಿದು ಕಾರಿನ ಹತ್ತಿರ ಹೋದ. ಅವರು ಗಾಜು ಇಳಿಸಿದರು.

“ಬರ್ಫ ಇಲ್ಲ ಅಂತ ಅಲ್ಲ ಗೋಪಾಲಾ,” ಎಂದರು ಮೆತ್ತಗೆ. “ನಿಂಗೆ ಇಲ್ಲ. ಗೋವಾದವ್ರು ಕೊಡೂದಾದ್ರೆ ತಕಂಡು ಬಾ.”

ಅಪ್ಪ ತಪ್ಪಾಯಿತು ಎಂದ. ಇನ್ನು ಮೇಲೆ ಹಾಗೆ ಮಾಡುವುದಿಲ್ಲ ಎಂದ. ಅವರು ತಲೆಯಾಡಿಸಿದರು, ನನ್ನ ಕಡೆ ನೋಡಿ, ತಂಗಿ ಚೆನ್ನಾಗಿ ಓದ್ತಾಳಂತಲ್ಲ ಎಂದು ವಿಚಾರಿಸಿದರು, ಗಾಜು ಏರಿಸಿದರು. ಕಾರು ಒಳಗೆ ಹೋಯಿತು.

ನಾವು ದಡಕ್ಕೆ ವಾಪಸು ಬರುವಾಗ ಬಂಗಡೆಯ ಕಣ್ಣು ಕೆಂಪಾಗಿ, ಹೊಟ್ಟೆ ಒಡೆಯಲು ಶುರುವಾಗಿತ್ತು. ಆಯಿ, ನೆರೆಯ ಬೀರಮ್ಮ, ಇನ್ನೂ ಕೆಲವು ಹೆಂಗಸರು ಉಪ್ಪು ತಂದು ಆದಷ್ಟನ್ನು ಒಣಗಿಸಲು ನೋಡಿದರು. ಸಂಜೆಗೆ ಮಳೆ ಬಂದು ಅದೂ ಹೋಯಿತು. ಮರುದಿನ ಉಸುಕಿನಲ್ಲಿ ಹೊಂಡ ತೋಡಿ ಹುಗಿದೆವು. ಅಪ್ಪನೇ ತೋಡಿದ. ನಾನು ಸಹಾಯಕ್ಕೆ ಹೋದರೆ ಗುದ್ದಲಿ ಕೊಡಲಿಲ್ಲ. ಆ ನಾತ ನನ್ನ ಕೂದಲಿನಲ್ಲಿ ಕೂತುಬಿಟ್ಟಿತ್ತು. ಎಷ್ಟು ಸೀಗೆಕಾಯಿ ಹಾಕಿ ತಿಕ್ಕಿದರೂ ಶಾಲೆಯಲ್ಲಿ ಮಕ್ಕಳು ಮೂಗು ಹಿಂಡುತ್ತಿದ್ದರು.

ದೀಪಾವಳಿಯ ಹೊತ್ತಿಗೆ ದೋಣಿ ಮಾರಿದೆವು. ಕೊಳ್ಳುವವರು ಬೇರೆ ಯಾರಿದ್ದರು? ಸಾಹುಕಾರರೇ ಕೊಂಡರು. ಅಪ್ಪನನ್ನು ಅದೇ ದೋಣಿಯ ಮೇಲೆ ಕೂಲಿಗೆ ಇಟ್ಟುಕೊಂಡರು. ಒಂದು ಸಂಜೆ ನಾನು ಶಾಲೆಯಿಂದ ಬರುವಾಗ ದಡದಲ್ಲಿ ಬಣ್ಣದವನೊಬ್ಬ ‘ಜಲದೇವಿ’ಯನ್ನು ಕೆರೆದು ತೆಗೆದು, ಆ ಜಾಗದಲ್ಲಿ ಸಾಹುಕಾರರ ಮಗನ ಹೆಸರನ್ನು ಬರೆಯುತ್ತಿದ್ದ. ಅಪ್ಪ ಪಕ್ಕದಲ್ಲಿ ಬಣ್ಣದ ಡಬ್ಬಿ ಹಿಡಿದು ನಿಂತಿದ್ದ. ಹಿಡಿದುಕೋ ಎಂದಿದ್ದರು, ಹಿಡಿದುಕೊಂಡಿದ್ದ.

ಅವತ್ತಿನಿಂದ ನನ್ನ ತಲೆಯಲ್ಲಿ ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ಅವರ ಕಾರಿನ ಗಾಜು ಪುಡಿ ಮಾಡಬೇಕು. ಕಾರ್ಖಾನೆಯ ಯಂತ್ರಕ್ಕೆ ಉಸುಕು ಸುರಿಯಬೇಕು. ಪಾಠ ಮಾಡುತ್ತ ಮಾಡುತ್ತಲೇ ಇದನ್ನೆಲ್ಲ ಯೋಚಿಸುತ್ತಿದ್ದೆ. ಒಮ್ಮೆ ಸಿಟ್ಟು ತಡೆಯದೆ ಆಯಿಯ ಹತ್ತಿರ ಬಾಯಿಬಿಟ್ಟೆ. ಅವಳು ಮೀನು ಹೆಚ್ಚುತ್ತಿದ್ದಳು, ಕತ್ತಿಯಿಂದ ಕಣ್ಣು ತೆಗೆಯಲಿಲ್ಲ.

“ಕಲ್ಲು ಹೊಡದ್ರೆ ಗಾಜು ಒಡೀತದೆ ಸುಮಿ. ಬರ್ಫ ಬರೂದಿಲ್ಲ.”

ಇತಿಹಾಸಕ್ಕೆ ಮಾರ್ಗದರ್ಶನ ಪಡೆಯಲು ನಾನು ರಜೆಯ ದಿನ ಕಾರವಾರದ ಕಾಜುಬಾಗಕ್ಕೆ ಹೋಗುತ್ತಿದ್ದೆ. ಅಲ್ಲಿ ನಾಡಕರ್ಣಿ ಸರ್ ಎಂಬ ನಿವೃತ್ತ ಪ್ರಾಧ್ಯಾಪಕರಿದ್ದರು. ಕಾಲಿಗೆ ಆನೆಕಾಲು ರೋಗ, ಹೊರಗೆ ಹೋಗುವುದು ಕಡಿಮೆ; ಯಾರಾದರೂ ಬಂದು ಕೇಳಿದರೆ ಸಾಕು, ಜಗಲಿಯ ಮೇಲೆ ಕೂತು ಕಾಸು ಮುಟ್ಟದೆ ಪಾಠ ಹೇಳುತ್ತಿದ್ದರು. ನನಗೆ ಯೂರೋಪು ಹೇಗೋ ಬಂದಿತ್ತು, ಅಮೆರಿಕ ತಲೆಗೆ ಹತ್ತುತ್ತಿರಲಿಲ್ಲ. ಅಲ್ಲಿಯ ಅಂತರ್ಯುದ್ಧ ಮುಗಿದ ಮೇಲಿನ ಕಾಲ, ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತು, ರೈಲುಹಳಿ, ಉಕ್ಕು, ಎಣ್ಣೆ, ದೊಡ್ಡ ದೊಡ್ಡ ಕಂಪನಿಗಳ ಒಕ್ಕೂಟ. ಹೆಸರುಗಳನ್ನು ಉರು ಹೊಡೆದು ಮರೆಯುವುದೇ ಆಗಿತ್ತು.

ಜನವರಿಯ ಒಂದು ದಿನ ಸರ್ ಆ ಅಧ್ಯಾಯಕ್ಕೆ ಬಂದರು. ಎಣ್ಣೆಯ ರಾಜನೊಬ್ಬನಿದ್ದ ಎಂದು ಕಥೆಯ ಹಾಗೆ ಶುರು ಮಾಡಿದರು. ಅವನ ಹತ್ತಿರ ಬಾವಿಗಳು ಕಡಿಮೆ, ಎಣ್ಣೆ ಶುದ್ಧ ಮಾಡುವ ಕಾರ್ಖಾನೆಗಳು ಮಾತ್ರ ಒಂದೊಂದಾಗಿ ಅವನ ಕೈಗೆ ಬಂದವು. ಸಾಗಿಸುವ ರೈಲಿನವರ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡು, ತನ್ನ ಪೀಪಾಯಿಗಳಿಗೆ ಕಡಿಮೆ ಬಾಡಿಗೆ, ಬೇರೆಯವರದಕ್ಕೆ ಹೆಚ್ಚು ಬಾಡಿಗೆ ಎಂದು ಗೊತ್ತುಮಾಡಿಸಿದ. ಎದುರಾಳಿ ಇರುವ ಊರಿನಲ್ಲಿ ಸೀಮೆಎಣ್ಣೆಯನ್ನು ನೀರಿನ ಬೆಲೆಗೆ ಮಾರುತ್ತಿದ್ದ. ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ನಷ್ಟವಾಗುವುದಿಲ್ಲವೇ ಎಂದು ಕೇಳಿದೆ.

ಆಗುತ್ತದೆ, ಆದರೆ ಪಕ್ಕದ ಊರಿನಲ್ಲಿ ಎದುರಾಳಿ ಇಲ್ಲವಲ್ಲ, ಅಲ್ಲಿಯವರ ಹತ್ತಿರ ಅದನ್ನು ವಸೂಲು ಮಾಡುತ್ತಾನೆ ಎಂದರು ಸರ್. ಒಂದು ಊರಿನ ಅಗ್ಗಕ್ಕೆ ಇನ್ನೊಂದು ಊರು ದುಡ್ಡು ಕೊಡುತ್ತದೆ. ಅದು ಎರಡೂ ಊರಿನವರಿಗೆ ಗೊತ್ತಿರುವುದಿಲ್ಲ. ಅವನ ಸೀಮೆಎಣ್ಣೆಯಂಥದ್ದೇ ಎಣ್ಣೆ ಚೌಕ ಡಬ್ಬಿಗಳಲ್ಲಿ ಹಡಗಿನ ಮೇಲೆ ನಮ್ಮ ಕರಾವಳಿಗೂ ಬಂದಿತ್ತು, ನಿನ್ನ ಮುತ್ತಜ್ಜಿ ಹಚ್ಚಿದ ಚಿಮಣಿಯಲ್ಲೂ ಅದೇ ಇದ್ದೀತು ಎಂದು ನಕ್ಕರು. ತಮ್ಮ ದೇಶ ಸಾಲದಾದಾಗ ಅಂಥವರ ಕಣ್ಣು ಸಮುದ್ರದಾಚೆಯ ದ್ವೀಪಗಳ ಮೇಲೆ ಬೀಳುತ್ತದೆ, ಅದು ಮುಂದಿನ ಅಧ್ಯಾಯ ಎಂದರು.

ಆಮೇಲೆ ಒಬ್ಬ ಹೆಂಗಸಿನ ಕಥೆ ಹೇಳಿದರು. ಅವಳು ಚಿಕ್ಕವಳಿದ್ದಾಗ ಆ ರಾಜನ ಒಪ್ಪಂದದಿಂದ ಅವಳ ಅಪ್ಪನ ವ್ಯಾಪಾರ ನೆಲಕಚ್ಚಿತು. ಹಾಡಿಕೊಂಡು ಮನೆಗೆ ಬರುತ್ತಿದ್ದ ಅಪ್ಪ ಹಾಡುವುದನ್ನು ಬಿಟ್ಟ. ಅವಳು ದೊಡ್ಡವಳಾಗಿ ಪತ್ರಿಕೆಗೆ ಸೇರಿ, ಎಣ್ಣೆಯ ರಾಜ ಏನೇನು ಮಾಡಿದನೋ ಎಲ್ಲವನ್ನೂ ತಿಂಗಳು ತಿಂಗಳು ಬರೆದಳು. ಜನ ಓದಿದರು. ಕೊನೆಗೆ ನ್ಯಾಯಾಲಯ ಆ ಸಾಮ್ರಾಜ್ಯವನ್ನು ತುಂಡು ತುಂಡು ಮಾಡಿತು. ಪುಸ್ತಕದಲ್ಲಿ ಇದನ್ನೆಲ್ಲ ಸುಧಾರಣೆಯ ಯುಗ ಎಂಬ ತಲೆಬರಹದ ಕೆಳಗೆ ಹಾಕಿದ್ದರು.

“ಇದು ಸುಧಾರಣೆ ಅಲ್ಲ ಸರ್, ಸೇಡು,” ಎಂದೆ.

ನಾಡಕರ್ಣಿ ಸರ್ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡರು. ನಮ್ಮ ಮನೆಯ ವಿಷಯ ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನಂತೂ ಹೇಳಿರಲಿಲ್ಲ.

“ಇರ್ಲಿ. ಆದ್ರೆ ಅವಳು ಅವನ ಮನೆಗೆ ಕಲ್ಲು ಹೊಡೀಲಿಲ್ಲ ನೋಡು. ಅವನು ಹೆಂಗೆ ಗೆಲ್ತಾನೆ ಅನ್ನೂದನ್ನ ಪೂರ್ತಿ ತಿಳ್ಕಂಡ್ಳು. ಅವನಿಗಿಂತ ಚೆನ್ನಾಗಿ ತಿಳ್ಕಂಡ್ಳು.”

ಬಸ್ಸಿನಲ್ಲಿ ವಾಪಸು ಬರುವಾಗ ಅರಗಾ ಘಟ್ಟ ಇಳಿದದ್ದು, ಅಮದಳ್ಳಿ ದಾಟಿದ್ದು ಯಾವುದೂ ನನಗೆ ತಿಳಿಯಲಿಲ್ಲ. ಮನೆಗೆ ಬಂದು ಆ ಅಧ್ಯಾಯವನ್ನು ಮತ್ತೆ ಮತ್ತೆ ಓದಿದೆ. ರೈಲು ಎಂದಿದ್ದಲ್ಲಿ ಲಾರಿ ಎಂದು ಓದಿಕೊಂಡೆ, ಎಣ್ಣೆ ಎಂದಿದ್ದಲ್ಲಿ ಬರ್ಫ ಎಂದು. ಎಲ್ಲಿಯೂ ತಪ್ಪಲಿಲ್ಲ.

ಬೇಸಿಗೆಯಲ್ಲಿ ಪರೀಕ್ಷೆ ಬರೆದು ನೇರವಾಗಿ ಮಾಜಾಳಿಗೆ ಹೋದೆ. ಶೇವಂತಿ ಮಾವಶಿಯ ಮನೆ ಕಡಲಿಗೆ ಬೆನ್ನು ಹಾಕಿ, ಗೋವೆಯ ರಸ್ತೆಗೆ ಮುಖ ಮಾಡಿತ್ತು. ಅವರ ಓಣಿಯ ಅರ್ಧ ಜನ ಬೆಳಿಗ್ಗೆ ಗಡಿ ದಾಟಿ ಗೋವೆಗೆ ಕೆಲಸಕ್ಕೆ ಹೋಗಿ ಸಂಜೆ ಬರುವವರು. ಅವಳ ಗಂಡನ ವ್ಯಾನು ಬೆಳಿಗ್ಗೆ ಮೀನು ಹೊತ್ತು ಹೋಗುತ್ತದೆ, ಬರುವಾಗ ಎಂತ ತರುತ್ತದೆ ಎಂದು ಕೇಳಿದೆ. ಗಾಳಿ ತರುತ್ತದೆ ಎಂದು ಮಾವಶಿ ನಕ್ಕಳು. ಗಾಳಿಯ ಬದಲು ಬರ್ಫ ತರಬಹುದಲ್ಲ ಎಂದೆ. ಅವಳ ನಗು ನಿಂತಿತು. ಅಪ್ಪನ ಮೀನನ್ನು ಅವತ್ತು ಗೋವೆಯವರಿಗೆ ಕೊಡಿಸಿದವಳು ಅವಳೇ. ಆಮೇಲೆ ಆದದ್ದು ಅವಳ ಎದೆಯಲ್ಲೂ ಮುಳ್ಳಾಗಿ ಕೂತಿತ್ತು.

ಹೀಗೆ ಶುರುವಾಯಿತು. ಹಾರವಾಡದಲ್ಲಿ ನಮ್ಮ ಬಲೆ ಇಡುವ ಗುಡಿಸಲು, ಮಾಂಡ ಅನ್ನುತ್ತೇವೆ, ಖಾಲಿಯಿತ್ತು; ಬಲೆ ಇದ್ದರಲ್ಲವೇ ಇಡುವುದು. ಅದರೊಳಗೆ ಹೊಂಡ ತೋಡಿ, ಸುತ್ತ ಮರದ ಹುಡಿ ತುಂಬಿ, ಮೇಲೆ ಗೋಣಿ ಹೊದೆಸಿದರೆ ಬರ್ಫ ಮೂರು ಹೊತ್ತು ಕರಗದೆ ಉಳಿಯುತ್ತಿತ್ತು. ಆಯಿ, ಬೀರಮ್ಮ, ಮತ್ತೆ ಪೇಟೆಗೆ ಹೋಗುವ ಹೆಂಗಸರೆಲ್ಲ ಸೇರಿಕೊಂಡರು. ಅಪ್ಪ ಮೊದಲು ಒಪ್ಪಲಿಲ್ಲ. ನಾನು ಅವರ ದೋಣಿಯ ಮೇಲೆ ಕೂಲಿ, ಅವರ ಅನ್ನ ಉಣ್ಣುವವನು ಎಂದ. ಅದು ಅವರ ಅನ್ನ ಅಲ್ಲ, ನಿನ್ನದೇ ದೋಣಿಯದ್ದು ಎಂದು ನಾನು ಸಿಟ್ಟಿನಿಂದ ಹೇಳಿದೆ. ಅವನು ಎದ್ದು ಹೊರಗೆ ಹೋದ. ಮರುದಿನ ನಾನು ಏಳುವ ಹೊತ್ತಿಗೆ ಮಾಂಡದಲ್ಲಿ ಗುದ್ದಲಿಯ ಸದ್ದು ಕೇಳುತ್ತಿತ್ತು.

ಮಳೆಗಾಲದ ಎರಡು ತಿಂಗಳು ದೊಡ್ಡ ಬೋಟುಗಳಿಗೆ ಕಡಲು ಬಂದ್. ನಾಡದೋಣಿಯವರು ಮಾತ್ರ ಹವೆ ನೋಡಿ ಇಳಿಯುತ್ತಾರೆ. ಬೇಕಾಗುವ ಬರ್ಫ ಕಡಿಮೆ. ಗೋವೆಯ ವ್ಯಾನು ತಂದದ್ದು ನಮಗೆ ಸಾಕಾಗುತ್ತಿತ್ತು. ಬಂದವರಿಗೆಲ್ಲ ಒಂದೇ ದರ, ಸಾಲಿನಲ್ಲಿ ಬಂದಂತೆ ಕೊಡುವುದು, ಮೀನನ್ನು ಯಾರಿಗೆ ಮಾರುತ್ತೀ ಎಂದು ಕೇಳುವಂತಿಲ್ಲ. ಈ ನಿಯಮ ಹಾಕಿದವಳು ಆಯಿ. ಸಾಹುಕಾರರಿಗೆ ಸುದ್ದಿ ಹೋಯಿತು. ಹೆಂಗಸರು ಬರ್ಫ ಮಾರಿದರೆ ಮಾರಲಿ, ಕರಗಿದ ಮೇಲೆ ಕುಡಿಯಲು ನೀರಾದರೂ ಆಗುತ್ತದೆ ಎಂದರಂತೆ. ಆ ನಡುವೆ ನನ್ನ ಪರೀಕ್ಷೆಯ ಫಲಿತಾಂಶ ಬಂತು. ಎಲ್ಲದರಲ್ಲೂ ಪಾಸು, ಅಮೆರಿಕದಲ್ಲಿ ಎಲ್ಲಕ್ಕಿಂತ ಕಡಿಮೆ ಅಂಕ. ಎಣ್ಣೆಯ ರಾಜನ ಬಗ್ಗೆ ಬರೆದು ಬರೆದು ಕೈ ಸೋತು, ದ್ವೀಪಗಳ ಪ್ರಶ್ನೆಗೆ ಹೊತ್ತೇ ಉಳಿದಿರಲಿಲ್ಲ.

ಆಗಸ್ಟಿನಲ್ಲಿ ಬೋಟುಗಳು ಇಳಿದವು. ನಾನು ಕಾದಿದ್ದಂತೆಯೇ ಆಯಿತು. ಹಾರವಾಡದ ಕಾರ್ಖಾನೆಯಲ್ಲಿ ಬರ್ಫದ ದರ ಅರ್ಧಕ್ಕೆ ಇಳಿಯಿತು, ವಾರ ಕಳೆಯುವುದರೊಳಗೆ ಇನ್ನೂ ಇಳಿದು, ಹೆಚ್ಚುಕಡಿಮೆ ಪುಕ್ಕಟೆ ಎನ್ನುವ ಹಾಗಾಯಿತು. ನಮ್ಮ ಮಾಂಡದ ಮುಂದಿನ ಸಾಲು ಕರಗಿತು. ಮೊದಲು ದೋಣಿಯವರು ಹೋದರು, ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಮುಖ ತಪ್ಪಿಸಿಕೊಂಡು ಹೋದರು. ಬೀರಮ್ಮನೂ ಹೋದಳು. ಒಂದು ಬೆಳಿಗ್ಗೆ ಹೊಂಡದಲ್ಲಿ ನೀರು ಬಿಟ್ಟು ಬೇರೇನೂ ಇರಲಿಲ್ಲ. ನಾನು ಆಯಿಯ ಹತ್ತಿರ ಬೀರಮ್ಮನನ್ನು ಬೈದೆ.

“ಅವ್ಳಿಗೆಂತಕೆ ಬೈತೆ? ಹೊಟ್ಟೆಗೆ ಸೇಡು ಗೊತ್ತಾಗೂದಿಲ್ಲ,” ಎಂದಳು ಆಯಿ. “ನಿನ್ ಪುಸ್ತಕದಲ್ಲಿ ಇದಕ್ಕೆ ಎಂತ ಬರದಿದ್ರು?”

ಪುಸ್ತಕದಲ್ಲಿ ಇದಕ್ಕೆ ಉಪಾಯ ಬರೆದಿರಲಿಲ್ಲ. ಅಲ್ಲಿಯ ಚಿಕ್ಕವರೆಲ್ಲ ಈ ಹಂತದಲ್ಲೇ ಮುಳುಗಿದ್ದರು. ಆದರೆ ನಾಡಕರ್ಣಿ ಸರ್ ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ತಿರುಗುತ್ತಲೇ ಇತ್ತು. ಒಂದು ಊರಿನ ಅಗ್ಗಕ್ಕೆ ಇನ್ನೊಂದು ಊರು ದುಡ್ಡು ಕೊಡುತ್ತದೆ, ಎರಡೂ ಊರಿಗೆ ಅದು ಗೊತ್ತಿರುವುದಿಲ್ಲ. ಅಮೆರಿಕದಲ್ಲಿ ಊರಿಂದೂರಿಗೆ ದೂರ. ನಮ್ಮ ಹಾರವಾಡಕ್ಕೂ ಬೇಲೆಕೇರಿಗೂ ಎಷ್ಟು ದೂರ? ಬೈತಖೋಲಕ್ಕೆ ಬಸ್ಸಿದೆ, ಮಾಜಾಳಿಗೆ ಬಸ್ಸಿದೆ. ಗೊತ್ತಾಗುವ ಹಾಗೆ ಮಾಡಿದರೆ ಆಯಿತಲ್ಲ.

ಆ ಭಾನುವಾರ ಆಯಿಯೂ ನಾನೂ ಹೊರಟೆವು. ಬೇಲೆಕೇರಿಯ ದಡದಲ್ಲಿ ಆಯಿ ತನ್ನ ಪೇಟೆಯ ಗೆಳತಿಯರನ್ನು ಹುಡುಕಿ, ಹಾರವಾಡದಲ್ಲಿ ಸಾಹುಕಾರರು ಬರ್ಫ ಹೆಚ್ಚುಕಡಿಮೆ ದಾನ ಮಾಡುತ್ತಿದ್ದಾರೆ, ನೀವು ಇಲ್ಲಿ ಯಾಕೆ ಇಷ್ಟು ಕೊಡುತ್ತೀರಿ ಎಂದು ಸುಮ್ಮನೆ ಮಾತಿಗೆ ಮಾತು ಎಂಬಂತೆ ಕೇಳಿದಳು. ಬೈತಖೋಲದಲ್ಲಿ ನಾನು ಬೋಟಿನವರಿಗೆ ಹೇಳಿದೆ. ಮಾಜಾಳಿಯಲ್ಲಿ ಹೇಳುವ ಕೆಲಸವನ್ನು ಶೇವಂತಿ ಮಾವಶಿ ವಹಿಸಿಕೊಂಡಳು. ಅವಳು ಒಂದು ಮಾತು ಹೇಳಿದರೆ ಅದು ಗಡಿಯ ತಪಾಸಣೆ ನಾಕೆಯವರೆಗೂ ಹೋಗುತ್ತಿತ್ತು. ಯಾರಿಗೂ ಸಾಹುಕಾರರ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ಅಗ್ಗ ಎಂದೆವು, ಅಷ್ಟೇ.

ಮಂಗಳವಾರ ಬೆಳಿಗ್ಗೆ ಹಾರವಾಡದ ರಸ್ತೆಯಲ್ಲಿ ಟೆಂಪೋಗಳು ಕಾಣಿಸಿಕೊಂಡವು. ಆಮೇಲೆ ರಿಕ್ಷಾಗಳು, ಕ್ರೇಟು ಕಟ್ಟಿಕೊಂಡ ಬೈಕುಗಳು, ಬೇಲೆಕೇರಿಯಿಂದ ಒಂದು ಟ್ರಾಕ್ಟರು. ಸಾಲು ಹೆದ್ದಾರಿ ಮುಟ್ಟಿತು. ಮಧ್ಯಾಹ್ನದೊಳಗೆ ಕಾರ್ಖಾನೆಯ ಬರ್ಫ ಖಾಲಿ. ಸಾಹುಕಾರರ ಸ್ವಂತ ಬೋಟಿನವರೇ ಬರ್ಫಕ್ಕೆ ಬಂದು ಬರಿಗೈಯಲ್ಲಿ ಹಿಂದೆ ಹೋದರು. ಅತ್ತ ಬೇಲೆಕೇರಿಯಲ್ಲಿ, ಮಾಜಾಳಿಯಲ್ಲಿ ಅವರ ಬರ್ಫ ಕೇಳುವವರಿಲ್ಲದೆ ನಿಂತಿತು. ನಾನು ಶಾಲೆಗೆ ರಜೆ ಹಾಕಿ, ಮಾಂಡದ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಆ ಸಾಲನ್ನು ಇಡೀ ದಿನ ನೋಡಿದೆ. ಊಟಕ್ಕೂ ಏಳಲಿಲ್ಲ.

ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಅವರು ನಾನು ಬಯಸಿದ ತಪ್ಪನ್ನೇ ಮಾಡಿದರು. ಗೇಟಿನಲ್ಲಿ ಕಾವಲು ನಿಲ್ಲಿಸಿ, ಹಾರವಾಡದವರಿಗೆ ಮಾತ್ರ ಬರ್ಫ, ಹೊರಗಿನವರು ತಮ್ಮ ತಮ್ಮ ಊರಲ್ಲೇ ಅಲ್ಲಿಯ ದರಕ್ಕೆ ತೆಗೆದುಕೊಳ್ಳಬೇಕು ಎಂದರು. ಮಾಜಾಳಿಯವರು ಗೇಟು ಹಿಡಿದು ನಿಂತರು. ಅದೇ ನೀರು, ಅದೇ ಸಾಹುಕಾರ, ನಮಗೇಕೆ ಬೇರೆ ದರ? ನಿಮ್ಮ ಹಾರವಾಡದ ಜಗಳದ ಖರ್ಚು ನಾವು ಕೊಡಬೇಕಾ? ಆ ಪ್ರಶ್ನೆಯನ್ನು ಅವರಿಗೆ ನಾವು ಹೇಳಿಕೊಟ್ಟಿರಲಿಲ್ಲ. ತಾವೇ ಕಂಡುಕೊಂಡರು. ಸಾಹುಕಾರರು ಮೊದಲ ಬಾರಿಗೆ ದನಿ ಎತ್ತಿ ಬೈದದ್ದನ್ನು ಜನ ಕೇಳಿದ್ದು ಅವತ್ತೇ. ದೂರದಿಂದ ನಾನೂ ಕೇಳಿದೆ. ಅಷ್ಟು ಮೆತ್ತಗಿದ್ದ ದನಿ ಹೀಗೆ ಒಡೆದುಹೋಗಬಲ್ಲದು ಎಂದು ಗೊತ್ತಿರಲಿಲ್ಲ.

ಆಮೇಲೆ ಅವರಿಗೆ ನೆಲೆ ಸಿಗಲಿಲ್ಲ. ದರ ಏರಿಸಿದರೆ ಹಾರವಾಡದವರು ನಮ್ಮ ಮಾಂಡಕ್ಕೆ ಬಂದರು; ಇಳಿಸಿದರೆ ನಾಲ್ಕೂ ಊರಲ್ಲಿ ಇಳಿಸಬೇಕಾಯಿತು. ಮಾಜಾಳಿಯವರು, ಬೇಲೆಕೇರಿಯವರು ನಮ್ಮದರ ಹಾಗೆಯೇ ಮರದ ಹುಡಿಯ ಹೊಂಡ ತೋಡಿದರು, ಗೋವೆಯಿಂದ ಬರುವ ವ್ಯಾನುಗಳು ಮೂರಾದವು. ಮೀನನ್ನು ತಮಗೇ ಕೊಡಬೇಕೆಂಬ ಪದ್ಧತಿಯನ್ನು ಅವರು ಬಿಟ್ಟೆವೆಂದು ಹೇಳುವ ಮೊದಲೇ ಅದು ಬಿಟ್ಟುಹೋಗಿತ್ತು. ಬೇಲೆಕೇರಿಯ ಕಾರ್ಖಾನೆಗೆ ಬೀಗ ಬಿತ್ತು, ಹಿಂದೆಯೇ ಮಾಜಾಳಿಯದಕ್ಕೂ. ಬೀರಮ್ಮ ವಾಪಸು ಬಂದಳು. ಆಯಿ ಏನೂ ಕೇಳದೆ ಅವಳ ಬುಟ್ಟಿ ತುಂಬಿಸಿದಳು. ನಮ್ಮ ದೋಣಿ ಮಾತ್ರ ನಮಗೆ ಮರಳಿ ಬರಲಿಲ್ಲ. ಸಾಹುಕಾರರು ಅದನ್ನು ಹೊನ್ನಾವರದ ಕಡೆ ಯಾರಿಗೋ ಮಾರಿಬಿಟ್ಟರು. ಅಪ್ಪ ಅವರ ಕೂಲಿ ಬಿಟ್ಟು ಮಾಂಡದಲ್ಲಿ ಬರ್ಫ ಅಳೆಯಲು ನಿಂತ.

ಇಷ್ಟಕ್ಕೆ ನನಗೆ ತೃಪ್ತಿಯಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಅವರ ಕಾರು ಈಗಲೂ ಗಾಜು ಏರಿಸಿಕೊಂಡು ನಮ್ಮ ಮುಂದೆಯೇ ಹೋಗುತ್ತಿತ್ತು.

ಹಸ್ತದ ಮಳೆ ಆ ವರ್ಷ ಹುಚ್ಚು ಗಾಳಿ ಹೊತ್ತು ಬಂತು. ಹೆದ್ದಾರಿಯ ಬದಿಯ ಕರೆಂಟಿನ ಕಂಬಗಳು ಸಾಲಾಗಿ ಮಲಗಿದವು. ಎರಡು ದಿನ ಕಳೆದರೂ ಕಾರವಾರದವರೆಗೆ ಎಲ್ಲಿಯೂ ಕರೆಂಟು ಬರಲಿಲ್ಲ. ಸಾಹುಕಾರರ ಕಾರ್ಖಾನೆಯ ಜನರೇಟರು ದೀಪ ಉರಿಸುತ್ತಿತ್ತು, ಬರ್ಫ ಕಟ್ಟುವಷ್ಟು ಅದಕ್ಕೆ ಶಕ್ತಿಯಿರಲಿಲ್ಲ. ಮೂರನೆಯ ದಿನ ಗಾಳಿ ನಿಂತದ್ದೇ ಬೋಟುಗಳು ಇಳಿದವು, ಬಂಗಡೆ ಎದ್ದಿತ್ತು, ಎಲ್ಲರಿಗೂ ಬಿತ್ತು. ಅವರ ದೊಡ್ಡ ಬೋಟುಗಳಿಗೆ ಎಲ್ಲರಿಗಿಂತ ಹೆಚ್ಚು ಬಿತ್ತು. ಗೋವೆಯ ಕಡೆ ಕರೆಂಟು ಇತ್ತು. ಮಾವಶಿಯ ಗಂಡ ಮೂರೂ ವ್ಯಾನು ತುಂಬಿಸಿ ಕಳಿಸಿದ. ಇಡೀ ಹಾರವಾಡದಲ್ಲಿ ಬರ್ಫ ಇದ್ದದ್ದು ನಮ್ಮ ಮಾಂಡದಲ್ಲಿ ಮಾತ್ರ.

ಮೊದಲು ಅವರ ಆಳುಗಳು ಬಂದರು, ಟೆಂಪೋ ತಂದು, ಇದ್ದುದೆಲ್ಲ ತುಂಬಿಸಿ ಎಂದರು. ಒಬ್ಬರಿಗೆ ಒಂದು ಸರದಿಗೆ ಒಂದು ಬುಟ್ಟಿ, ಇವತ್ತು ಎಲ್ಲರಿಗೂ ಹಾಗೆಯೇ ಎಂದಳು ಆಯಿ. ಅವರು ಹೋದರು. ಸ್ವಲ್ಪ ಹೊತ್ತಿಗೆ ಕಾರು ಬಂತು. ಸಾಹುಕಾರರು ಇಳಿದರು. ಡ್ರೈವರ್ ಕೊಡೆ ಬಿಡಿಸಿದ. ಕೆಸರಿನಲ್ಲಿ ಪ್ಯಾಂಟು ಎತ್ತಿ ಹಿಡಿದು ನಡೆದು ಬಂದು ಮಾಂಡದ ಬಾಗಿಲಲ್ಲಿ ನಿಂತು, ಒಂದು ಲೋಡಾದರೂ ಬೇಕು ತಂಗೀ, ಬೋಟಿನಲ್ಲಿ ಮೀನು ಹಾಳಾಗುತ್ತಿದೆ ಎಂದರು. ಬೇಕಾದ ದರ ಕೊಡುವುದಾಗಿ ಹೇಳಿದರು.

ಇಲ್ಲ ಎನ್ನುವುದಕ್ಕೆ ನಾನು ಒಂದು ವರ್ಷ ಕಾದಿದ್ದೆ. ಬಾಯಿಗೆ ಬಂದಿತ್ತು. ಹೇಗೆ ಹೇಳಬೇಕು, ಯಾವ ದನಿಯಲ್ಲಿ ಹೇಳಬೇಕು ಎಂದೆಲ್ಲ ಎಷ್ಟೋ ಸಲ ಹೇಳಿಕೊಂಡು ನೋಡಿದ್ದೆ. ಆಯಿ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದಳು.

“ಇಲ್ಲ ಅನ್ಬೇಡ,” ಎಂದಳು ಕಿವಿಯಲ್ಲಿ. “ಇಲ್ಲ ಅಂದ್ರೆ ಕಾರು ಹತ್ತಿ ಹೋಗ್ತ್ರು. ಸಾಲಲ್ಲಿ ನಿಲ್ಲೂಕೆ ಹೇಳು.”

ಹೇಳಿದೆ. ಸಾಲಿನಲ್ಲಿ ಬನ್ನಿ, ನಿಮ್ಮ ಸರದಿಗೆ ನಿಮಗೂ ಒಂದು ಬುಟ್ಟಿ ಎಂದೆ. ಅವರು ನನ್ನನ್ನು ನೋಡಿದರು, ಸಾಲನ್ನು ನೋಡಿದರು. ಮೀನು ಮಾರುವ ಹೆಂಗಸರು, ನಾಡದೋಣಿಯವರು, ಅವರದೇ ಬೋಟು ಬಿಟ್ಟುಬಂದ ಕೂಲಿಗಳು. ದಡದ ಕಡೆಯಿಂದ ಅವರ ಆಳು ಓಡಿ ಬಂದು, ಬಂಗಡೆಯ ಹೊಟ್ಟೆ ಒಡೆಯುತ್ತಿದೆ ಎಂದ. ಸಾಹುಕಾರರು ಹೋಗಿ ಕೊನೆಯಲ್ಲಿ ನಿಂತರು. ಡ್ರೈವರ್ ಕೊಡೆ ಹಿಡಿಯಲು ಹೋದರೆ ಕೈ ಬೀಸಿ ಕಳಿಸಿದರು. ಬುಟ್ಟಿಯೂ ಅವರ ಹತ್ತಿರ ಇರಲಿಲ್ಲ. ಯಾರೋ ಒಂದನ್ನು ಕೊಟ್ಟರು.

ಅವರ ಮುಂದೆ ಇದ್ದವಳು ಬೀರಮ್ಮ. ಹಿಂದೆ ನಿಂತವರು ಯಾರೆಂದು ಕಂಡದ್ದೇ ಅವಳು ಹಳೆಯ ಅಭ್ಯಾಸದಿಂದ ಸೆರಗು ಹೊದ್ದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನಾನು ಹೋಗಿ ಅವಳ ಭುಜ ಹಿಡಿದು ಮತ್ತೆ ಅವಳ ಜಾಗದಲ್ಲೇ ನಿಲ್ಲಿಸಿದೆ. ಸಾಹುಕಾರರು ಕಡಲಿನ ಕಡೆ ನೋಡುತ್ತಿದ್ದರು. ಸಾಲು ಹೆಜ್ಜೆ ಹೆಜ್ಜೆಯಾಗಿ ಸರಿಯಿತು, ಅವರ ಹಿಂದೆಯೂ ಜನ ಬಂದು ನಿಂತರು. ಹನಿ ಬೀಳುತ್ತಲೇ ಇತ್ತು. ಬರ್ಫದ ಮೇಲೆ ಅಪ್ಪನ ಸಲಿಕೆ ಬೀಳುವ ಸದ್ದು ಕೇಳುತ್ತಿತ್ತು.

ಅವರ ಸರದಿ ಬಂತು. ಬುಟ್ಟಿ ಕೆಳಗಿಟ್ಟರು. ಅಪ್ಪ ತಲೆ ಎತ್ತಲಿಲ್ಲ. ಬೀರಮ್ಮನಿಗೆ ಹಾಕಿದಷ್ಟೇ ಹಾಕಿದ, ಮೇಲೆ ಸಲಿಕೆಯಿಂದ ಒಮ್ಮೆ ತಟ್ಟಿದ. ಅದರಿಂದ ಅವರ ಬೋಟಿನ ಒಂದು ಮೂಲೆಯ ಮೀನೂ ಉಳಿಯುವಂತಿರಲಿಲ್ಲ.

“ಗೋಪಾಲಾ,” ಎಂದರು ಅವರು. ದನಿ ಮತ್ತೆ ಮೆತ್ತಗಾಗಿತ್ತು. “ಇನ್ನೂ ಸ್ವಲ್ಪ ಹಾಕು.”

ಅಪ್ಪ ಆಗ ಅವರ ಮುಖ ನೋಡಿದ.

“ಹಿಂದೆ ಜನ ಅವ್ರೆ, ಸಾವ್ಕಾರ್ರೆ.”

ಅವರು ಬಗ್ಗಿ ಬುಟ್ಟಿಯನ್ನು ತಾವೇ ಎತ್ತಿಕೊಂಡರು. ಸೊಂಟಕ್ಕೆ ಹೇಗೆ ಆನಿಸಿಕೊಳ್ಳಬೇಕೆಂದು ಗೊತ್ತಾಗದೆ ಎದೆಗೆ ಒತ್ತಿ ಹಿಡಿದುಕೊಂಡು ಕೆಸರಿನಲ್ಲಿ ನಡೆದರು. ಕರಗಿದ ನೀರು ಬಿಳಿ ಅಂಗಿಯ ಮೇಲೆ ಉದ್ದಕ್ಕೂ ಇಳಿಯಿತು. ಕಾರು ಹೆದ್ದಾರಿಗೆ ಹತ್ತುವವರೆಗೂ ನಾನು ಕಣ್ಣು ಕೀಳದೆ ನೋಡಿದೆ. ಅಷ್ಟರಲ್ಲಿ ಅಪ್ಪ ಮುಂದಿನವಳ ಬುಟ್ಟಿಯನ್ನು ಹತ್ತಿರ ಎಳೆದುಕೊಂಡು ಸಲಿಕೆ ಎತ್ತಿದ್ದ.